ಅದಿರಿನ ರಫ್ತು: ಆದಾಯವೋ, ಆಸ್ತಿಯ ಮಾರಾಟವೋ?

ಹೊಲದಲ್ಲಿ ಬೆಳೆದ ಜೋಳವನ್ನು ಮಾರಿದರೆ ಬರುವ ಹಣ ಆದಾಯ. ಹೊಲವನ್ನೇ ಮಾರಿದರೆ ಬರುವ ಹಣ ಆದಾಯವಲ್ಲ. ಅದು ಆಸ್ತಿಯು ಕರಗಿದುದರ ಗುರುತು. ಒಕ್ಕಲುತನದ ಮನೆಗಳಲ್ಲಿ ಈ ಭೇದವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರಾಷ್ಟ್ರದ ಲೆಕ್ಕಪತ್ರದಲ್ಲಿ ಇದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಭೂಗರ್ಭದ ಅದಿರನ್ನು ಅಗೆದು ಹಡಗಿಗೆ ತುಂಬಿದಾಗ ಅದರ ಮೌಲ್ಯವು ರಾಷ್ಟ್ರೀಯ ಉತ್ಪನ್ನಕ್ಕೆ ಸೇರುತ್ತದೆ, ವಿದೇಶೀ ವಿನಿಮಯದ ಗಳಿಕೆ ಎನಿಸಿಕೊಳ್ಳುತ್ತದೆ. ಬರಿದಾದ ಬೆಟ್ಟವನ್ನೂ ಕಡಿದ ಕಾಡನ್ನೂ ಹೂಳು ತುಂಬಿದ ಹಳ್ಳವನ್ನೂ ಕಳೆದು ತೋರಿಸುವ ಪುಟ ಆ ಲೆಕ್ಕದಲ್ಲಿಲ್ಲ. ವ್ಯಾಪಾರ ನೀತಿಗೂ ಪರಿಸರಕ್ಕೂ ಇರುವ ಸಂಬಂಧವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ನಾಡಿನ ಕಬ್ಬಿಣದ ಅದಿರಿನ ಕಥೆಯೇ ಸಾಕು.

ಕುದುರೆಮುಖದ ಒಪ್ಪಂದ

1975ರಲ್ಲಿ ಭಾರತವು ಇರಾನಿನೊಡನೆ ಒಂದು ದೊಡ್ಡ ಒಪ್ಪಂದ ಮಾಡಿಕೊಂಡಿತು. ತೈಲದ ಬೆಲೆ ಏರಿ ವಿದೇಶೀ ವಿನಿಮಯದ ಕೊರತೆ ಕಾಡುತ್ತಿದ್ದ ಕಾಲವದು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಅದಿರನ್ನು ಇರಾನ್ ದೀರ್ಘಕಾಲ ಕೊಳ್ಳಬೇಕು, ಗಣಿಯ ನಿರ್ಮಾಣಕ್ಕಾಗಿ 63 ಕೋಟಿ ಡಾಲರ್ ಸಾಲ ನೀಡಬೇಕು ಎಂಬುದು ಅದರ ತಿರುಳು. 1976ರಲ್ಲಿ ಸಾರ್ವಜನಿಕ ವಲಯದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಅದೇ ವರ್ಷ ಸಂವಿಧಾನದ 42ನೆಯ ತಿದ್ದುಪಡಿಯ ಮೂಲಕ ಕಾಡು ಮತ್ತು ವನ್ಯಜೀವಿಗಳ ರಕ್ಷಣೆ ಸರಕಾರದ ಹೊಣೆ ಎಂಬ ವಿಧಿಯೂ, ಅದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯ ಎಂಬ ಮಾತೂ ಸೇರಿದವು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಕಲ್ಪಗಳು ಮುಂದೆ ಕಾಲು ಶತಮಾನದ ನಂತರ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಲ್ಲಬೇಕಾಯಿತು.

ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಅದನ್ನು ನುಣ್ಣಗೆ ಅರೆದು, ಸಾರವನ್ನು ಬೇರ್ಪಡಿಸಿ, ನೀರಿನೊಡನೆ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಲಾಗುತ್ತಿತ್ತು. ಉಳಿದ ಅಪಾರ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ಕೂಡಿಡಲಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಾರೀಕೃತ ಅದಿರು ತೆಗೆಯುವ ಸಾಮರ್ಥ್ಯದ ಸ್ಥಾವರ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಉರುಳಿತು. ಯಾವ ಗಿರಾಕಿಯನ್ನು ನಂಬಿ ಬೆಟ್ಟವನ್ನು ಅಗೆದರೋ ಆ ಗಿರಾಕಿಯೇ ಇಲ್ಲವಾದನು. ಕಂಪನಿಯು ಬೇರೆ ದೇಶಗಳ ಕೊಳ್ಳುಗರನ್ನು ಹುಡುಕಿಕೊಳ್ಳಬೇಕಾಯಿತು.

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಿರಿಸಾಲು ಇದು. ಭದ್ರೆಯ ನೀರನ್ನು ನೆಚ್ಚಿದ ಗದ್ದೆ ತೋಟಗಳು ನೂರಾರು ಹಳ್ಳಿಗಳಲ್ಲಿವೆ. 1987ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಪ್ರಕ್ರಿಯೆ ಆರಂಭವಾಯಿತು. 1999ರಲ್ಲಿ ಗಣಿ ಗುತ್ತಿಗೆಯ ಅವಧಿ ಮುಗಿದ ಮೇಲೆ ವಿವಾದ ಬಲಿತು, 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪಿತ್ತಿತು. ಅಂತೆಯೇ ಅದು ನಿಂತಿತು.

ಬಳ್ಳಾರಿಯ ಕೆಂಪು ಧೂಳು

ಒಂದು ಕಡೆ ಬೆಟ್ಟ ಉಳಿಯುತ್ತಿದ್ದಾಗಲೇ ಇನ್ನೊಂದು ಕಡೆ ಬೆಟ್ಟಗಳು ಕರಗತೊಡಗಿದ್ದವು. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಹೆಚ್ಚಿತು. ಅದಿರಿನ ಬೆಲೆ ಗಗನಕ್ಕೇರಿತು. ಸಂಡೂರು, ಹೊಸಪೇಟೆಗಳ ಗುಡ್ಡಗಳಿಂದ ಹೊರಟ ಲಾರಿಗಳ ಸಾಲು ಪೂರ್ವ ಪಶ್ಚಿಮ ಕರಾವಳಿಗಳ ಬಂದರುಗಳತ್ತ ಹಗಲಿರುಳು ಸಾಗಿತು. 2009-10ರಲ್ಲಿ ಭಾರತದ ಅದಿರು ರಫ್ತು ಸುಮಾರು 11.7 ಕೋಟಿ ಟನ್ನಿಗೆ ಮುಟ್ಟಿತು.

ಆಗ ಸರಕಾರಕ್ಕೆ ಬಂದದ್ದೆಷ್ಟು? 2009ರ ಆಗಸ್ಟ್‌ವರೆಗೆ ಅದಿರಿನ ರಾಜಧನ ಬೆಲೆಯ ಮೇಲೆ ಇರಲಿಲ್ಲ, ತೂಕದ ಮೇಲಿತ್ತು. ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ ಗರಿಷ್ಠ 27 ರೂಪಾಯಿ ಮಾತ್ರ. ಹೊರದೇಶದ ಪೇಟೆಯಲ್ಲಿ ಅದೇ ಟನ್ನಿಗೆ ನೂರು ಡಾಲರಿಗೂ ಮೀರಿದ ಬೆಲೆ ದೊರೆತ ವರ್ಷವೂ ಉಂಟು. ಆಸ್ತಿಯ ಒಡೆಯರಾದ ಜನತೆಗೆ ಚಿಲ್ಲರೆ, ಅಗೆದವನಿಗೆ ರಾಶಿ ಎಂಬಂತಾಯಿತು. ಇಂಥ ನೀತಿಯೇ ಅಕ್ರಮಕ್ಕೆ ಆಹ್ವಾನ ನೀಡಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳು ಬಳ್ಳಾರಿಯಲ್ಲಿ, ಮರುತಿಂಗಳು ತುಮಕೂರು ಹಾಗೂ ಚಿತ್ರದುರ್ಗಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಇದರ ಪೆಟ್ಟು ಬಿದ್ದದ್ದು ಮೊದಲು ಬಡವರ ಮೇಲೆಯೇ ಎಂಬುದನ್ನು ಮರೆಯುವಂತಿಲ್ಲ. ಸಾಲ ಮಾಡಿ ಲಾರಿ ಕೊಂಡವರು, ಬೇಸಾಯ ಬಿಟ್ಟು ಗಣಿಯ ಕೂಲಿಗೆ ಹೋದವರು, ಹೊಲದ ಮೇಲ್ಮಣ್ಣನ್ನೇ ತೆಗೆಸಿ ಅದಿರು ಮಾರಿದವರು ಏಕಾಏಕಿ ಬರಿಗೈಯಾದರು. ಲಾಭದ ದೊಡ್ಡ ಪಾಲು ಆ ವೇಳೆಗೆ ಊರು ಬಿಟ್ಟಾಗಿತ್ತು. ತಡವಾಗಿ ಎಚ್ಚೆತ್ತ ಆರ್ಥಿಕ ನೀತಿಯು ಪರಿಸರವನ್ನೂ ಕೆಡಿಸುತ್ತದೆ, ಉದ್ಯೋಗವನ್ನೂ ಕೆಡಿಸುತ್ತದೆ.

2013ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಗಂಭೀರ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಉಳಿದವುಗಳಿಗೆ ಅಗೆದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಕಡ್ಡಾಯಗೊಳಿಸಿ, ಮೂರೂ ಜಿಲ್ಲೆಗಳಿಗೆ ಒಟ್ಟು 3 ಕೋಟಿ ಟನ್ನಿನ ವಾರ್ಷಿಕ ಮಿತಿ ಹಾಕಿತು. ಮುಂದಿನ ಪೀಳಿಗೆಗೂ ಅದಿರಿನಲ್ಲಿ ಪಾಲಿದೆ ಎಂಬ ತತ್ತ್ವ ಈ ಮಿತಿಯ ಹಿಂದಿತ್ತು. 2022ರಲ್ಲಿ ಮಿತಿ 5 ಕೋಟಿ ಟನ್ನಿಗೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ರಫ್ತಿಗೂ ಅನುಮತಿ ದೊರೆಯಿತು.

ಸುಂಕ ಯಾರಿಗಾಗಿ?

ಕೇಂದ್ರ ಸರಕಾರವು ಅದಿರಿನ ರಫ್ತಿನ ಮೇಲೆ 2007ರಲ್ಲಿ ಟನ್ನಿಗೆ 300 ರೂಪಾಯಿ ಸುಂಕ ವಿಧಿಸಿತು. 2011ರ ಕೊನೆಗೆ ಅದು ಬೆಲೆಯ ಶೇಕಡಾ 30 ಆಯಿತು. 2022ರ ಮೇ ತಿಂಗಳಲ್ಲಿ ಶೇಕಡಾ 50ಕ್ಕೆ ಏರಿ, ನವೆಂಬರಿನಲ್ಲಿ ಮತ್ತೆ ಇಳಿಯಿತು. ಈ ಏರಿಳಿತಗಳ ಹಿಂದೆ ಮುಖ್ಯವಾಗಿ ಇದ್ದದ್ದು ದೇಶದೊಳಗಿನ ಉಕ್ಕಿನ ಬೆಲೆ ಮತ್ತು ಅದಿರಿನ ಪೂರೈಕೆಯ ಚಿಂತೆ. ಬೆಟ್ಟದ ಬಾಳಿಕೆಯ ಚಿಂತೆ ಅಲ್ಲಿ ಹಿಂದೆ ಉಳಿಯಿತು.

ರಫ್ತನ್ನು ತಡೆದರೆ ಸಾಕು ಎಂಬ ವಾದವೂ ಅರೆಸತ್ಯ. 2017ರ ರಾಷ್ಟ್ರೀಯ ಉಕ್ಕು ನೀತಿಯು 2030-31ರ ವೇಳೆಗೆ 30 ಕೋಟಿ ಟನ್ ಉಕ್ಕು ತಯಾರಿಕೆಯ ಸಾಮರ್ಥ್ಯದ ಗುರಿ ಇಟ್ಟಿದೆ. ಅಷ್ಟು ಉಕ್ಕಿಗೆ ಬೇಕಾದ ಅದಿರು ನಮ್ಮ ಬೆಟ್ಟಗಳಿಂದಲೇ ಬರಬೇಕು. ಕುದುರೆಮುಖ ಬಿಟ್ಟ ಅದೇ ಕಂಪನಿಯು ಸಂಡೂರಿನ ದೇವದಾರಿ ಬೆಟ್ಟಸಾಲಿನಲ್ಲಿ ಗಣಿ ತೆರೆಯಲು ಮುಂದಾದಾಗ, ಸುಮಾರು 99 ಸಾವಿರ ಮರಗಳು ಹೋಗುವುವೆಂಬ ಕಾರಣಕ್ಕೆ 2024ರಲ್ಲಿ ಆಕ್ಷೇಪವೆದ್ದುದು ಇದಕ್ಕೆ ಸಾಕ್ಷಿ.

ಇದೀಗ ಪರಿಸರದ ಲೆಕ್ಕವನ್ನು ಹೊರಗಿನವರೇ ಕೇಳತೊಡಗಿದ್ದಾರೆ. ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕು, ಸಿಮೆಂಟು ಮೊದಲಾದವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ವಿವರವನ್ನು 2023ರ ಅಕ್ಟೋಬರಿನಿಂದ ಕೇಳತೊಡಗಿತು. ಅದಕ್ಕೆ ಬೆಲೆ ಕಟ್ಟುವ ಹಂತ 2026ರ ಜನವರಿಯಿಂದ ಆರಂಭ. ಬಡ ದೇಶಗಳ ಮೇಲೆ ಇದು ಅನ್ಯಾಯದ ಹೊರೆ ಎಂಬ ಭಾರತದ ಆಕ್ಷೇಪದಲ್ಲಿ ಹುರುಳಿದೆ. ಆದರೂ ನಮ್ಮ ಸರಕಾರವೇ 2024ರ ಡಿಸೆಂಬರಿನಲ್ಲಿ, ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊಮ್ಮಿಸುವ ಉಕ್ಕನ್ನು ಹಸಿರು ಉಕ್ಕೆಂದು ಗುರುತಿಸುವ ಮಾನದಂಡ ಪ್ರಕಟಿಸಿದೆ. ಪರರು ದಂಡ ಹಾಕುವ ಮುನ್ನ ನಾವೇ ನಮ್ಮ ಮನೆ ಸರಿಪಡಿಸಿಕೊಳ್ಳುವುದು ಜಾಣತನ.

ನಾವು ಮಾಡಬಹುದಾದದ್ದು

ಇದು ಸರಕಾರದ ಕೆಲಸ, ನಮಗೇನು ಎಂದು ಕೈಕಟ್ಟಿ ಕೂರುವುದು ಸರಿಯಲ್ಲ. 2015ರ ಗಣಿ ಕಾನೂನಿನ ತಿದ್ದುಪಡಿಯಂತೆ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ರಕ್ಷಣೆಗಳಿಗೆ ಆ ಹಣ ಮೊದಲು ಸಲ್ಲಬೇಕು. ಅಂಥ ಹಳ್ಳಿಗಳಲ್ಲಿರುವ ಓದುಗ ಬಂಧುಗಳು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿಗೆ ಬಂದದ್ದೆಷ್ಟು, ಎಲ್ಲಿ ವೆಚ್ಚವಾಯಿತು ಎಂದು ಕೇಳಬೇಕು. ಗುಜರಿಗೆ ಹಾಕಿದ ಕಬ್ಬಿಣವೂ ಕರಗಿ ಮತ್ತೆ ಉಕ್ಕಾಗುತ್ತದೆ, ಅಷ್ಟರಮಟ್ಟಿಗೆ ಬೆಟ್ಟದ ಅದಿರು ಉಳಿಯುತ್ತದೆ. ಕೇಂದ್ರವು 2019ರಲ್ಲಿ ಇದಕ್ಕೆಂದೇ ಒಂದು ನೀತಿ ಹೊರಡಿಸಿದೆ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣವನ್ನು ಕೊಳೆಯಗೊಡದಿರುವುದೂ ಸಣ್ಣ ದೇಶಸೇವೆಯೇ.

ಜೋಳದ ಬೆಳೆ ಬರುವ ವರ್ಷ ಮತ್ತೆ ಬರುತ್ತದೆ. ಅಗೆದ ಅದಿರು ಮತ್ತೆ ಬೆಳೆಯದು. ಅದನ್ನು ತೆಗೆಯಲೇಬಾರದೆಂದು ಯಾರೂ ಹೇಳುವುದಿಲ್ಲ. ನೇಗಿಲ ಕುಳಕ್ಕೂ ಮನೆಯ ತೊಲೆಗೂ ಕಬ್ಬಿಣ ಬೇಕೇ ಬೇಕು. ಆದರೆ ಎಷ್ಟು ತೆಗೆಯಬೇಕು, ಯಾವ ಬೆಲೆಗೆ ಕೊಡಬೇಕು, ಮೊಮ್ಮಕ್ಕಳಿಗೆ ಎಷ್ಟು ಉಳಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ರೂಪಿಸಿದ ವ್ಯಾಪಾರ ನೀತಿಯೇ ನಾಡಿಗೆ ಹಿತವಾದ ನೀತಿ.