ಬಣ್ಣ ಬಳಿಸುವ ಮೊದಲು ಸ್ಲ್ಯಾಬಿನ ಉಪ್ಪು ನೋಡಿಸಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿಯಿದೆ. ಮರಕ್ಕೆ ಹಿಡಿಸುವ ಅದೇ ಉಪ್ಪು ಕಾಂಕ್ರೀಟಿಗೆ ಹಿಡಿಸೋದಿಲ್ಲ. ಇಲ್ಲಿ ವ್ಯಾಪಾರ ಮಾಡಿ ಉಳ್ಳಾಲ, ಸುರತ್ಕಲ್ ಕಡೆ ಮನೆ ಕಟ್ಟಿಸುವ ನಮ್ಮವರು ಇದನ್ನು ತಿಳಿದಿರಬೇಕು.

ಕಡಲ ಗಾಳಿ, ತೊಳೆಯದ ಉಪ್ಪು ಮರಳು, ಸವಳು ನೀರು, ಈ ಮೂರರಲ್ಲೂ ಕ್ಲೋರೈಡ್ ಇರುತ್ತದೆ. ಅದು ನಿಧಾನಕ್ಕೆ ಒಳಗಿಳಿದು ಕಂಬಿ ಮುಟ್ಟಿದರೆ ತುಕ್ಕು ಶುರು. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಗೋವಾದ ಮಾಂಡೋವಿ ಸೇತುವೆ 1986ರಲ್ಲಿ ಕುಸಿದದ್ದು ಒಳಗಿನ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿದು.

ಪರೀಕ್ಷೆ ಹೇಗೆ? ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳುತ್ತಾರೆ; ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ ಅಂತ ಲೆಕ್ಕ. ಆಮೇಲೆ ಡ್ರಿಲ್ ಮಾಡಿ ಬೇರೆ ಬೇರೆ ಆಳದ ಪುಡಿ ತೆಗೆದು ಲ್ಯಾಬಿನಲ್ಲಿ ಕ್ಲೋರೈಡ್ ಅಳೆಯುತ್ತಾರೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿದರೆ ಉಪ್ಪು ಇಳಿದಷ್ಟು ಭಾಗ ಬಿಳಿ, ಉಳಿದದ್ದು ಕಂದು. ಹಾಫ್‌ಸೆಲ್ ಪರೀಕ್ಷೆಯಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ಕಂಬಿ ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಶೇ. 90ಕ್ಕೂ ಹೆಚ್ಚು.

ಹೊಸ ಮನೆಗಾದರೆ ಐಎಸ್ 456:2000 ನಿಯಮವಿದೆ: ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಒಂದು ಘನ ಮೀಟರಿಗೆ ಕ್ಲೋರೈಡ್ 0.6 ಕಿಲೋ ಮೀರಬಾರದು.

ಮಸೀದಿ, ಮದ್ರಸದ ಕಮಿಟಿಯವರೇ, ಚಾವಣಿಯಲ್ಲಿ ತುಕ್ಕಿನ ಕಲೆ, ಕಂಬಿಯುದ್ದಕ್ಕೂ ಬಿರುಕು ಕಂಡರೆ ಪ್ಲಾಸ್ಟರ್ ಮೆತ್ತಿ ಮುಚ್ಚಬೇಡಿ. ರಂಝಾನಿಗೆ ಬಣ್ಣ ಬಳಿಸುವ ಮೊದಲು ಇಂಜಿನಿಯರನ್ನು ಕರೆಸಿ. ಅದರಡಿ ಕೂತು ಓದುವ ಮಕ್ಕಳು ನಮ್ಮ ಕೈಲಿರುವ ಅಮಾನತ್.