ಮುಂಬಯಿಯಲ್ಲಿ ಪಗಡಿ ಮನೆಯ ಮೌಲ್ಯ

ಮುಂಬಯಿಯ ಹಳೆಯ ಚಾಳಿನ ಕೋಣೆಯೊಂದರ ಬೆಲೆಯನ್ನು ಕೇಳುವವರು ಅದು ಯಾವುದರ ಬೆಲೆಯೆಂಬುದನ್ನು ಮೊದಲು ವಿಚಾರಿಸಬೇಕು. ನೆಲವೂ ಗೋಡೆಯೂ ಮಾಲೀಕನವು. ಬಾಡಿಗೆದಾರನದು ವಾಸದ ಹಕ್ಕು ಮಾತ್ರ. ಪಗಡಿಯೆಂದು ಕೈಬದಲಾಗುವ ಹಣ ಈ ಹಕ್ಕಿನ ಬೆಲೆ.

ಇದರ ಮೂಲವು 1947ರ ಬಾಡಿಗೆ ನಿಯಂತ್ರಣ ಶಾಸನದಲ್ಲಿದೆ. 1940ರ ಸೆಪ್ಟೆಂಬರ್ 1ರಂದಿದ್ದ ಬಾಡಿಗೆಯನ್ನೇ ಅದು ಬಹುಮಟ್ಟಿಗೆ ಸ್ಥಿರಪಡಿಸಿತು. ನೆಲದ ಬೆಲೆ ಏರಿತು, ಬಾಡಿಗೆ ಏರಲಿಲ್ಲ. ಇವೆರಡರ ಅಂತರವೇ ಪಗಡಿಯಾಯಿತು. ಅದನ್ನು ಪಡೆಯುವುದು ಮಾಲೀಕನಿಗೆ ಅಪರಾಧವಾಗಿದ್ದುದರಿಂದ ವ್ಯವಹಾರವೆಲ್ಲ ಗುಟ್ಟಾಗಿ ನಡೆಯಿತು. 1999ರ ಶಾಸನವು 2000ದ ಮಾರ್ಚ್ 31ರಿಂದ ಇದನ್ನು ಸಕ್ರಮಗೊಳಿಸಿ, ವರ್ಷಕ್ಕೆ ನೂರಕ್ಕೆ 4ರಂತೆ ಬಾಡಿಗೆಯನ್ನು ಹೆಚ್ಚಿಸಲು ಅವಕಾಶವಿತ್ತಿತು. ಆದರೆ 20 ರೂಪಾಯಿಯ ಬಾಡಿಗೆ ಚಕ್ರಬಡ್ಡಿಯಂತೆ ಬೆಳೆದರೂ 25 ವರ್ಷಗಳಲ್ಲಿ ಮುಟ್ಟುವುದು 53 ರೂಪಾಯಿಯನ್ನು. ಇಷ್ಟರಲ್ಲಿ ಯಾವ ಮಾಲೀಕನು ಸೋರುವ ಮಾಡನ್ನು ದುರಸ್ತಿ ಮಾಡಿಸಿಯಾನು?

ಹಕ್ಕನ್ನು ಮಾರುವಾಗ ಮಾಲೀಕನ ಒಪ್ಪಿಗೆ ಬೇಕು. ಅದಕ್ಕಾಗಿ ಬೆಲೆಯ ಸುಮಾರು ಮೂರನೆಯ ಒಂದು ಪಾಲು ಅವನಿಗೆ ಸಲ್ಲುವುದು ರೂಢಿ. ಒಡೆತನವಿಲ್ಲದ ಕೋಣೆಯನ್ನು ಅಡವಿಡಲು ಬಾರದಾದ್ದರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಹೀಗಿದ್ದೂ ಇಂತಹ ಕೋಣೆಗೆ ಗಿರಾಕಿಗಳಿದ್ದಾರೆ: ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿದಾಗ ಅರ್ಹ ಬಾಡಿಗೆದಾರನಿಗೆ ಸ್ವಂತದ ಮನೆ ದೊರೆಯುವ ಸಂಭವವುಂಟು. ಕೊಳ್ಳುವವರು ತೆರುವ ಹಣದಲ್ಲಿ ಬಹುಪಾಲು ಈ ನಿರೀಕ್ಷೆಯ ಬೆಲೆಯೆಂದೇ ನನ್ನ ಎಣಿಕೆ.

ತಂದೆಯ ಕಾಲದ ಇಂತಹ ಕೋಣೆಗಳು ನಮ್ಮವರಲ್ಲಿಯೂ ಉಂಟು. ಅವು ಪಿತ್ರಾರ್ಜಿತ ಗದ್ದೆಯಂತೆ ಎಲ್ಲ ಮಕ್ಕಳಿಗೂ ಹಂಚಿಕೆಯಾಗುತ್ತವೆಂಬ ತಿಳಿವಳಿಕೆ ಸರಿಯಲ್ಲ. ಶಾಸನದ ಪ್ರಕಾರ ಬಾಡಿಗೆದಾರನು ತೀರಿಕೊಂಡಾಗ ಹಕ್ಕು ಮೊದಲು ಸಲ್ಲುವುದು ಅವನೊಡನೆ ವಾಸಿಸುತ್ತಿದ್ದ ಕುಟುಂಬದವರಿಗೆ. ಡೊಂಬಿವಲಿಯಲ್ಲಿ ಬೇರೆ ಮನೆ ಮಾಡಿರುವ ಹಿರಿಯ ಮಗನಿಗಲ್ಲ.