ಎಂಜಿನ್ ಬಿಚ್ಚುವ ಮುನ್ನ ಒತ್ತಡ ಅಳೆಯಿರಿ

ಟೊಮೆಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ಡೀಸೆಲ್ ಪಿಕಪ್ ವಾಹನ ದಾರಿಯಲ್ಲಿ ನಿಲ್ಲುತ್ತದೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಮೈಯೆಲ್ಲ ಆಯಿಲ್. ಮುಚ್ಚಳ ಸಡಿಲಿಸಿದರೆ ಬುಸುಗುಡುವ ಹೊಗೆ. ಡಿಪ್‌ಸ್ಟಿಕ್ ತನ್ನ ಜಾಗದಿಂದ ಮೇಲೆದ್ದಿರುತ್ತದೆ. ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು’ ಎಂಬ ತೀರ್ಪು ಗ್ಯಾರೇಜಿನಲ್ಲಿ ಕೂಡಲೇ ಹೊರಬೀಳುತ್ತದೆ. ಬಾಡಿಗೆಯನ್ನೇ ನಂಬಿ ಸಾಲದ ಕಂತು ಕಟ್ಟುವ ಮಾಲೀಕನಿಗೆ ಇದು ಸಣ್ಣ ಮಾತಲ್ಲ. ಆದರೆ ಈ ಲಕ್ಷಣಗಳು ತಿಳಿಸುವುದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಹೆಚ್ಚಿದೆ ಎಂಬುದನ್ನು ಮಾತ್ರ. ಅದಕ್ಕೆ ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು.

ಒತ್ತಡ ಬರುವುದೆಲ್ಲಿಂದ?

ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಗಾಳಿಯನ್ನು ಅದರ ಗಾತ್ರದ 16ರಲ್ಲಿ ಅಥವಾ 20ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಎಷ್ಟೇ ಹೊಸ ರಿಂಗ್ ಇದ್ದರೂ ಅದರ ಅಂಚಿನಿಂದ ಅಲ್ಪ ಅನಿಲ ಕೆಳಗಿನ ಕೋಣೆಗೆ ನುಸುಳುವುದು ಸಹಜ. ಇದನ್ನು ಹೊರಗೊಯ್ಯಲೆಂದೇ ಬ್ರೀದರ್ ಪೈಪು ಇರುತ್ತದೆ. ಬರುವ ಅನಿಲ ಹೆಚ್ಚಾದರೂ, ಹೋಗುವ ದಾರಿ ಕಟ್ಟಿದರೂ ಒತ್ತಡ ಏರುತ್ತದೆ. ಆಗ ಆಯಿಲ್ ಸೀಲುಗಳು ಸೋರುತ್ತವೆ. ಟರ್ಬೊದಿಂದ ಆಯಿಲ್ ಸರಾಗವಾಗಿ ಮರಳದೆ ಗಾಳಿಯ ಕೊಳವೆಗೆ ಜಿನುಗುತ್ತದೆ. ಆ ಆಯಿಲನ್ನೇ ಉರಿಸಿಕೊಂಡು ಎಂಜಿನ್ ಹತೋಟಿ ಮೀರಿ ಓಡುವ ಅಪಾಯವೂ ಉಂಟು. ಅಂಥ ಎಂಜಿನ್ ಕೀಲಿ ತಿರುಗಿಸಿದ ಮಾತ್ರಕ್ಕೆ ನಿಲ್ಲದು.

ಕಣ್ಣಂದಾಜು ಸಾಲದು

ಬಿಸಿಯಾದ ಯಾವುದೇ ಡೀಸೆಲ್ ಎಂಜಿನ್ನಿನ ಮುಚ್ಚಳ ತೆಗೆದರೂ ಒಂದಿಷ್ಟು ಆವಿ ಕಾಣುವುದರಿಂದ ಹೊಗೆ ನೋಡಿ ನಿರ್ಣಯಿಸುವುದು ಸರಿಯಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪೇ ಇಲ್ಲಿ ಉತ್ತಮ ಮಾಪಕ. ಪೈಪನ್ನು ಎತ್ತರವಾಗಿ ಬಾಗಿಸಿ ಕಟ್ಟಿ, ತಳದಲ್ಲಿ ಸ್ವಲ್ಪ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಬಿಗಿಯಾಗಿ ಜೋಡಿಸಬೇಕು. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. 100 ಮಿಲಿಮೀಟರ್ ಅಂತರವೆಂದರೆ ವಾತಾವರಣದ ಒತ್ತಡದ ಸುಮಾರು ನೂರನೇ ಒಂದು ಭಾಗ. ಇದನ್ನು ಆಯಾ ಎಂಜಿನ್ನಿನ ಸರ್ವೀಸ್ ಕೈಪಿಡಿಯ ಮಿತಿಯೊಂದಿಗೆ ಹೋಲಿಸಬೇಕು.

ಹಂತ ಹಂತವಾಗಿ ಪರೀಕ್ಷೆ

ಮೊದಲಿಗೆ ಬ್ರೀದರ್ ಪೈಪನ್ನು ಕಳಚಿ ಅನಿಲವನ್ನು ಹೊರಗೆ ಬಿಡಬೇಕು. ನೀರಿನ ಮಟ್ಟ ಕೂಡಲೇ ಸಮನಾದರೆ ದೋಷವಿರುವುದು ಜಿಡ್ಡು ಕಟ್ಟಿದ ಪೈಪಿನಲ್ಲಿ ಅಥವಾ ಆಯಿಲ್ ಬೇರ್ಪಡಿಸುವ ಭಾಗದಲ್ಲಿ. ಅದನ್ನು ಶುಚಿಗೊಳಿಸಿದರೆ ಅಥವಾ ಬದಲಿಸಿದರೆ ಸಾಕು.

ಎರಡನೆಯದು ಬ್ರೇಕಿನ ವ್ಯಾಕ್ಯೂಮ್ ಪಂಪ್. ಹಲವು ಪಿಕಪ್‌ಗಳಲ್ಲಿ ಇದು ಡೈನಮೊ ಹಿಂಬದಿಯಲ್ಲಿದ್ದು, ಹೀರಿದ ಗಾಳಿಯನ್ನು ಕ್ರ್ಯಾಂಕ್‌ಕೇಸಿಗೇ ಬಿಡುತ್ತದೆ. ಬ್ರೇಕ್ ಬೂಸ್ಟರ್ ಅಥವಾ ಅದರ ಕೊಳವೆ ಸೋರಿದರೆ ಪಂಪ್ ಬಿಡುವಿಲ್ಲದೆ ಗಾಳಿ ತುಂಬುತ್ತಲೇ ಇರುತ್ತದೆ. ವಾಹನ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಪಂಪಿನ ಹೀರುವ ಬಾಯಿ ಮುಚ್ಚಿದಾಗ ಒತ್ತಡ ಇಳಿದರೆ ಸೋರಿಕೆ ಖಚಿತ. ಈ ಸ್ಥಿತಿಯಲ್ಲಿ ವಾಹನ ಚಲಾಯಿಸಬಾರದು.

ಮೂರನೆಯದು ಟರ್ಬೊ. ಅದರ ಸೀಲು ಸವೆದರೆ ಅನಿಲವು ಆಯಿಲ್ ಮರಳುವ ಕೊಳವೆಯ ಮೂಲಕ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ.

ಇವೆಲ್ಲ ಸರಿಯಿದ್ದರೆ ಮಾತ್ರ ಸಿಲಿಂಡರುಗಳ ಸರದಿ. ಪಿಸ್ಟನ್ ಮೇಲ್ತುದಿಯಲ್ಲಿರುವಂತೆ ನಿಲ್ಲಿಸಿ ಸಿಲಿಂಡರಿಗೆ ಗಾಳಿ ತುಂಬಿದಾಗ ಆಯಿಲ್ ಮುಚ್ಚಳದಲ್ಲಿ ಸದ್ದು ಕೇಳಿದರೆ ರಿಂಗ್, ಬೋರ್ ಅಥವಾ ಪಿಸ್ಟನ್‌ನಲ್ಲಿ ದೋಷವಿದೆ. ಸೈಲೆನ್ಸರಿನಲ್ಲಿ ಕೇಳಿದರೆ ವಾಲ್ವಿನಲ್ಲಿ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್‌ನಲ್ಲಿ. ಕಾಮನ್ ರೈಲ್ ಎಂಜಿನ್ ಓಡುತ್ತಿರುವಾಗ ಡೀಸೆಲ್ ಪೈಪು ಸಡಿಲಿಸುವ ಹಳೆಯ ಪದ್ಧತಿ ಸಲ್ಲದು. ಅಲ್ಲಿನ ಒತ್ತಡ 1,000 ಬಾರ್ ಮೀರಬಲ್ಲದು. ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳೀತು.

ಸವೆತ ಖಚಿತವಾದರೂ ಅದರ ಮೂಲ ತಿಳಿಯಬೇಕು. ಹರಿದ ಏರ್ ಫಿಲ್ಟರಿನಿಂದ ನುಗ್ಗುವ ಧೂಳು ರಿಂಗುಗಳನ್ನು ಅರೆದುಹಾಕುತ್ತದೆ. ತೊಟ್ಟಿಕ್ಕುವ ಇಂಜೆಕ್ಟರ್ ಪಿಸ್ಟನ್‌ ಸುಡುತ್ತದೆ. ಇವನ್ನು ಸರಿಪಡಿಸದೆ ಹೊಸ ರಿಂಗ್ ಹಾಕಿಸಿದರೆ ಖರ್ಚು ಮರುಕಳಿಸುವುದು ತಪ್ಪದು. ಒಂದು ತುಂಡು ಪೈಪು, ಒಂದು ಲೋಟ ನೀರು, ಅರ್ಧ ದಿನದ ತಾಳ್ಮೆ ಇವಿಷ್ಟನ್ನು ವ್ಯಯಿಸಿದ ಬಳಿಕವೇ ಮಾಲೀಕರು ಎಂಜಿನ್ ಬಿಚ್ಚಲು ಒಪ್ಪಿಗೆ ನೀಡುವುದು ವಿವೇಕ.